ಹಕ್ಕಿ ನೋಡುವವರು ಹೊಟ್ಟೆಪಾಡಿಗೆ ಏನು ಮಾಡುತ್ತಾರೆ?

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದವನು. ವಯಸ್ಸು 28. ಬಿ.ಕಾಂ. ಓದಿ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತನಾಗಿದ್ದೇನೆ. ಸಂಬಳ 18,000 ರೂಪಾಯಿ. ನಾಲ್ಕು ವರ್ಷಗಳಿಂದ ಆಲಮಟ್ಟಿ ಹಿನ್ನೀರಿನಲ್ಲಿ ಹಕ್ಕಿ ನೋಡುವ, ಫೋಟೋ ತೆಗೆಯುವ ಹವ್ಯಾಸ ಹತ್ತಿದೆ. ಕ್ಯಾಮೆರಾ ಮತ್ತು ಲೆನ್ಸಿಗೆ ಮಾಡಿದ ಸಾಲಕ್ಕೆ ತಿಂಗಳಿಗೆ 5,200 ರೂಪಾಯಿ ಕಂತು ಕಟ್ಟುತ್ತಿದ್ದೇನೆ. ಹಿನ್ನೀರಿಗೆ ಬರುವ ಕೆಲವರ ಹತ್ತಿರ ನನ್ನ ಎರಡು-ಮೂರು ವರ್ಷದ ಸಂಬಳದಷ್ಟು ಬೆಲೆಯ ಲೆನ್ಸುಗಳಿವೆ. ಇವರೆಲ್ಲ ಜೀವನಕ್ಕೆ ಏನು ಮಾಡುತ್ತಾರೆ? ನಾನೂ ನೌಕರಿ ಬಿಟ್ಟು ಹಕ್ಕಿಗಳನ್ನೇ ನಂಬಿ ಬದುಕಬಹುದೇ? ನಮ್ಮ ಅಪ್ಪ ಮಾತ್ರ, “ಹಕ್ಕಿ ನೋಡಿದ್ರ ಹೊಟ್ಟಿ ತುಂಬತೈತೇನು?” ಎನ್ನುತ್ತಾರೆ.

ಉತ್ತರ: ನಿಮ್ಮ ಮೊದಲನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಎರಡನೆಯದಕ್ಕೆ ಅರ್ಧ ಉತ್ತರ ಅದರಲ್ಲೇ ಸಿಗುತ್ತದೆ. ವಿಜಯಪುರದ ಪದವಿಪೂರ್ವ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ, ನಮ್ಮ ಭಾಗದ ಕೆರೆ ದಂಡೆಗಳ ಮೇಲೆ ಪರಿಚಯವಾದ ಹಕ್ಕಿ ಹವ್ಯಾಸಿಗಳು ಐವತ್ತು-ಅರವತ್ತು ಮಂದಿ ಇರಬಹುದು. ಅವರಲ್ಲಿ ಹಕ್ಕಿಯಿಂದಲೇ ಅನ್ನ ಉಣ್ಣುವವರು ಇಬ್ಬರು: ಒಬ್ಬರು ದಾಂಡೇಲಿ ಕಡೆ ಪ್ರವಾಸಿಗರಿಗೆ ಹಕ್ಕಿ ತೋರಿಸುತ್ತಾರೆ, ಇನ್ನೊಬ್ಬರು ಯೋಜನೆಗಳಿಗೆ ಬೇಕಾದ ಪಕ್ಷಿ ಸಮೀಕ್ಷೆ ಮಾಡುತ್ತಾರೆ. ಉಳಿದವರೆಲ್ಲ ನಿಮ್ಮಂತೆಯೇ ಬೇರೆ ಎಲ್ಲಿಯೋ ದುಡಿದು ಇಲ್ಲಿಗೆ ಬಂದು ನಿಲ್ಲುವವರು.

ದೊಡ್ಡ ಲೆನ್ಸಿನವರ ವಿಷಯವನ್ನು ಬೇಗ ಮುಗಿಸಿಬಿಡೋಣ. ಅವರಲ್ಲಿ ಸ್ವಂತ ಆಸ್ಪತ್ರೆಯ ವೈದ್ಯರಿದ್ದಾರೆ, ಗುತ್ತಿಗೆದಾರರಿದ್ದಾರೆ, ನೀರಾವರಿ ಕಬ್ಬಿನ ಹೊಲವಿರುವವರಿದ್ದಾರೆ, ಪುಣೆ-ಬೆಂಗಳೂರಿನ ಸಾಫ್ಟ್‌ವೇರ್ ಸಂಬಳದವರು ಹಬ್ಬಕ್ಕೆ ಊರಿಗೆ ಬಂದಾಗ ಬರುತ್ತಾರೆ. ಲೆನ್ಸು ಆ ಮನುಷ್ಯನ ಆದಾಯವನ್ನು ಹೇಳುತ್ತದೆ. ಹಕ್ಕಿಯ ಬಗ್ಗೆ ಅವನಿಗೆ ಎಷ್ಟು ಗೊತ್ತು ಎಂಬುದನ್ನು ಹೇಳುವುದಿಲ್ಲ. ನಾನು ಬಲ್ಲ ಅತ್ಯಂತ ದುಬಾರಿ ಲೆನ್ಸಿನ ಒಡೆಯರಾದ ವೈದ್ಯರೊಬ್ಬರು ಕಳೆದ ಚಳಿಗಾಲದಲ್ಲಿ ಅದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದದ್ದು ಮೂರೇ ಸಲ, ಅದರಲ್ಲಿ ಒಂದು ಸಲ ಹೆರಿಗೆಯ ಕರೆ ಬಂದು ಅರ್ಧಕ್ಕೇ ಓಡಿದರು. ಅವರನ್ನು ಕಂಡು ನೀವು ಹೊಟ್ಟೆಕಿಚ್ಚು ಪಡುವುದಕ್ಕಿಂತ, ನಿಮಗಿರುವ ಬಿಡುವನ್ನು ಕಂಡು ಅವರು ಪಡುವ ಹೊಟ್ಟೆಕಿಚ್ಚೇ ಹೆಚ್ಚು ನ್ಯಾಯವಾದದ್ದು.

ನಿಜವಾಗಿ ಹಕ್ಕಿ ಬಲ್ಲವರನ್ನು ಹುಡುಕಿದರೆ ಅವರ ಉದ್ಯೋಗಗಳ ಪಟ್ಟಿ ಬೇರೆಯೇ ಆಗುತ್ತದೆ. ಬೀಳಗಿ ಕಡೆ ವಿದ್ಯುತ್ ಲೈನ್‌ಮನ್ ಆಗಿರುವ ಒಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅವರ ಬಳಿ ಕ್ಯಾಮೆರಾ ಇಲ್ಲ; ಹಿಡಿಕೆಗೆ ಕರಿ ಟೇಪು ಸುತ್ತಿದ ಹಳೆಯ ದುರ್ಬೀನು ಬೈಕಿನ ಡಿಕ್ಕಿಯಲ್ಲಿ ಇಕ್ಕಳ, ಕೈಗವಸುಗಳ ಜೊತೆ ಬಿದ್ದಿರುತ್ತದೆ. ಕಂಬದ ಸಂಖ್ಯೆ, ಟ್ರಾನ್ಸ್‌ಫಾರ್ಮರ್ ದೂರು ಬರೆದುಕೊಳ್ಳುವ ಡೈರಿಯ ಹಿಂದಿನ ಪುಟಗಳಲ್ಲಿ ಅವರು ಹಕ್ಕಿಗಳನ್ನು ಬರೆಯುತ್ತಾರೆ: ಯಾವ ಕಂಬದ ಮೇಲೆ ನೀಲಕಂಠ ಕೂರುತ್ತದೆ, ಯಾವ ತಂತಿಯ ಕೆಳಗೆ ಗೂಬೆ ಸತ್ತು ಬಿದ್ದಿತ್ತು, ಯಾವ ಹಳ್ಳದ ಬದಿಯ ಜಾಲಿಯಲ್ಲಿ ಗೀಜಗಗಳು ಈ ವರ್ಷ ಎಷ್ಟು ಗೂಡು ಕಟ್ಟಿದವು. ಹನ್ನೊಂದು ವರ್ಷದ ಡೈರಿಗಳು ಒಂದು ರಟ್ಟಿನ ಪೆಟ್ಟಿಗೆಯಲ್ಲಿವೆ. ಒಂದೇ ದಾರಿಯಲ್ಲಿ, ಒಂದೇ ಕಂಬಗಳ ಸಾಲನ್ನು ಹನ್ನೊಂದು ವರ್ಷ ಸಂಬಳ ಪಡೆದು ನೋಡುವ ಅವಕಾಶ ಯಾವ ಸಂಶೋಧಕನಿಗೂ ಸಿಗುವುದಿಲ್ಲ. ಹವ್ಯಾಸಿಗೆ ಉದ್ಯೋಗ ಹೇಗಿರಬೇಕು ಎಂದು ನನ್ನನ್ನು ಯಾರಾದರೂ ಕೇಳಿದರೆ ನನ್ನ ಕಣ್ಣ ಮುಂದೆ ಬರುವುದು ಆ ರಟ್ಟಿನ ಪೆಟ್ಟಿಗೆ.

ಸಂಬಳದ ಮೊತ್ತಕ್ಕಿಂತ ಆ ನೌಕರಿ ನಿಮ್ಮ ಯಾವ ತಿಂಗಳನ್ನು, ದಿನದ ಯಾವ ಹೊತ್ತನ್ನು ತಿನ್ನುತ್ತದೆ ಎಂಬುದನ್ನು ನೋಡಬೇಕು. ನಮ್ಮ ಭಾಗದಲ್ಲಿ ಇದು ವಿಚಿತ್ರವಾಗಿ ಹೆಣೆದುಕೊಂಡಿದೆ. ವಲಸೆ ಹಕ್ಕಿಗಳು ಅಕ್ಟೋಬರಿನಿಂದ ಬರತೊಡಗಿ ಮಾರ್ಚಿನ ಹೊತ್ತಿಗೆ ಹೊರಡುತ್ತವೆ. ಸಕ್ಕರೆ ಕಾರ್ಖಾನೆಗಳ ಕಬ್ಬು ನುರಿಸುವ ಹಂಗಾಮೂ ಹೆಚ್ಚುಕಡಿಮೆ ಅದೇ. ಹೀಗಾಗಿ ಕಾರ್ಖಾನೆಯ ನೌಕರನಿಗೆ ರಜೆ ಸಿಗುವ ಕಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದ ಆಚೆ ಇರುತ್ತವೆ. ಆದರೂ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಕಾರ್ಖಾನೆಯ ಪ್ರಯೋಗಾಲಯದಲ್ಲಿ ರಸದ ಪರೀಕ್ಷೆ ಮಾಡುವವನು, ರಾತ್ರಿ ಪಾಳಿ ಮುಗಿಸಿ ನಸುಕಿನ 4 ಗಂಟೆಗೆ ಹೊರಬಿದ್ದವನು ಮನೆಗೆ ಹೋಗದೆ ನೇರವಾಗಿ ಧೂಪದಾಳದ ನೀರಿನ ಬದಿಗೆ ಹೋಗಿ ಬೆಳಕು ಹರಿಯುವುದನ್ನು ಕಾಯುತ್ತಾನೆ. ಗೋಕಾಕ ತಾಲೂಕಿನ ಆ ಘಟಪ್ರಭಾ ಪಕ್ಷಿಧಾಮದಲ್ಲಿ ಕರ್ಕರೆ ಕೊಕ್ಕರೆಗಳ ಹಿಂಡು ಇಳಿಯುವುದನ್ನು ಅವನಷ್ಟು ಸಲ ನೋಡಿದವರು ಕಡಿಮೆ. ಮೇಷ್ಟ್ರುಗಳಾದ ನಮಗೆ ದಸರಾ ರಜೆ ಲಾಭ, ಬೇಸಿಗೆ ರಜೆ ಅಷ್ಟಾಗಿ ಅಲ್ಲ. ಔಷಧಿ ಅಂಗಡಿಯವರಿಗೆ ರಾತ್ರಿ ಹತ್ತರವರೆಗೆ ಕೊರಳಿಗೆ ಕಟ್ಟಿದ ಅಂಗಡಿ, ಆದರೆ ಬೆಳಗಿನ ಒಂಬತ್ತರವರೆಗೆ ಪೂರ್ಣ ಸ್ವಾತಂತ್ರ್ಯ. ರಬಕವಿ-ಬನಹಟ್ಟಿಯಲ್ಲಿ ಪವರ್‌ಲೂಮ್ ನೇಕಾರರೊಬ್ಬರಿದ್ದಾರೆ. ಕರೆಂಟು ಹೋದ ಹೊತ್ತೇ ಅವರ ಹಕ್ಕಿ ಹೊತ್ತು. ವಿದ್ಯುತ್ ಸುಧಾರಿಸಿದ ಮೇಲೆ ಹವ್ಯಾಸ ಕೆಟ್ಟಿತೆಂದು ಅವರು ನಗುತ್ತಾ ದೂರುತ್ತಾರೆ.

ಇದು ನಮ್ಮ ಕಾಲದ ಹೊಸ ಸಂಗತಿಯೇನಲ್ಲ. ಭಾರತದ ಪಕ್ಷಿವಿಜ್ಞಾನವನ್ನು ಕಟ್ಟಿದವರಲ್ಲಿ ಬಹುಪಾಲು ಜನ ಬೇರೆ ಉದ್ಯೋಗದವರು. ಎ.ಒ. ಹ್ಯೂಮ್ ಬ್ರಿಟಿಷ್ ಸರ್ಕಾರದ ಆಡಳಿತಾಧಿಕಾರಿ. ಉಪ್ಪಿನ ಸುಂಕದ ಕೆಲಸದ ಮೇಲೆ ಊರೂರು ತಿರುಗುತ್ತಲೇ ಹಕ್ಕಿಗಳ ಮಾದರಿಗಳನ್ನು ಸಂಗ್ರಹಿಸಿದರು, 1885ರಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟರು. 1880ರ ಸುಮಾರಿಗೆ ಬೆಳಗಾವಿಯ ದಂಡಿನಲ್ಲಿದ್ದ ಸೇನಾಧಿಕಾರಿ ಕ್ಯಾಪ್ಟನ್ ಬಟ್ಲರ್, ಹ್ಯೂಮ್ ನಡೆಸುತ್ತಿದ್ದ ಪತ್ರಿಕೆಗೆ ದಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿ ಮಾಡಿಕೊಟ್ಟರು. ನಮ್ಮ ನೆಲದ ಹಕ್ಕಿಗಳ ಬಗೆಗಿನ ಆರಂಭದ ಲಿಖಿತ ದಾಖಲೆಗಳಲ್ಲಿ ಅದೂ ಒಂದು. 1883ರಲ್ಲಿ ಮುಂಬಯಿಯಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಹುಟ್ಟುಹಾಕಿದ ಎಂಟು ಜನರಲ್ಲಿ ವೈದ್ಯರಿದ್ದರು, ಸುಂಕದ ಇಲಾಖೆಯವರಿದ್ದರು. ಸೊಸೈಟಿಗೆ ತನ್ನ ಅಂಗಡಿಯಲ್ಲಿ ಜಾಗ ಕೊಟ್ಟ ಫಿಪ್ಸನ್ ದ್ರಾಕ್ಷಾರಸದ ವ್ಯಾಪಾರಿ. ಹ್ಯೂಮ್ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು: ಅವರು ಊರಲ್ಲಿಲ್ಲದಾಗ ಸೇವಕನೊಬ್ಬ ಅವರ ವರ್ಷಗಟ್ಟಲೆಯ ಟಿಪ್ಪಣಿಗಳನ್ನು ಸಿಮ್ಲಾದ ಬಜಾರಿನಲ್ಲಿ ರದ್ದಿಗೆ ಮಾರಿಬಿಟ್ಟ. ನಿಮ್ಮ ಪಟ್ಟಿಗಳ ಇನ್ನೊಂದು ಪ್ರತಿಯನ್ನು ಇ-ಬರ್ಡ್‌ನಂಥ, ಹಕ್ಕಿ ಪಟ್ಟಿಗಳನ್ನು ಕಾಯ್ದಿಡುವ ಜಾಲತಾಣಕ್ಕೆ ಇಂದೇ ಏರಿಸಿಡಿ.

ಹಕ್ಕಿಯನ್ನು ಬಿಟ್ಟು ಒಂದು ನಿಮಿಷ ನಮ್ಮ ಊರಿನ ಉದಾಹರಣೆಗೆ ಬರುತ್ತೇನೆ, ಏಕೆಂದರೆ ಹವ್ಯಾಸ ಮತ್ತು ಹೊಟ್ಟೆಪಾಡಿನ ಲೆಕ್ಕ ಇದರಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರು. ಮಠಗಳಲ್ಲಿ, ಮನೆಗಳ ಅಟ್ಟಗಳಲ್ಲಿ ಹುಳು ತಿನ್ನುತ್ತಿದ್ದ ತಾಡೋಲೆಗಳನ್ನು ಹುಡುಕಿ ತಂದು, ಪಾಠಗಳನ್ನು ಒಂದಕ್ಕೊಂದು ತಾಳೆ ನೋಡಿ, 1923ರಲ್ಲಿ ವಚನಗಳ ಮೊದಲ ಸಂಪುಟವನ್ನು ಹೊರತಂದರು. ಹಳೆಯ ಕಾಗದಪತ್ರ ಓದುವ, ಒಂದು ಮಾತಿಗೆ ನಾಲ್ಕು ಸಾಕ್ಷಿ ಕೇಳುವ ವಕೀಲಿ ಬುದ್ಧಿ ಆ ಕೆಲಸಕ್ಕೆ ಬಂದದ್ದು ಎಂದು ನಾನು ನಂಬುತ್ತೇನೆ. ಖರ್ಚು ನಡೆದದ್ದು ವಕೀಲಿಯ ದುಡ್ಡಿನಲ್ಲಿ. 1925ರಲ್ಲಿ ತಮ್ಮದೇ ಮುದ್ರಣಾಲಯ ಹಾಕಿ, ಮರುವರ್ಷ ‘ಶಿವಾನುಭವ’ ಪತ್ರಿಕೆ ಆರಂಭಿಸಿದ ಮೇಲೆ ಲೆಕ್ಕ ತಲೆಕೆಳಗಾಯಿತು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೂ ಮಾರಿದರು. ಅವರ ಕೆಲಸಕ್ಕೆ ಕನ್ನಡ ನಾಡು ಇಂದಿಗೂ ಋಣಿ. ಆದರೆ ಆ ಕೆಲಸ ಅವರಿಗೆ ಸಂಪಾದನೆ ತರಲಿಲ್ಲ, ಇದ್ದದ್ದನ್ನೂ ಕರಗಿಸಿತು. ‘ಹವ್ಯಾಸವನ್ನೇ ವೃತ್ತಿ ಮಾಡಿಕೊಳ್ಳಿ’ ಎಂದು ಹುರಿದುಂಬಿಸುವ ಭಾಷಣಕಾರರು ಹಳಕಟ್ಟಿಯವರ ಹೆಸರು ಹೇಳುವಾಗ ಆ ಮನೆಯ ಮಾತನ್ನು ಬಿಟ್ಟುಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ.

ನೀವು ಬಹುಶಃ ಪಕ್ಷಿತಜ್ಞ ಸಲೀಂ ಅಲಿಯವರ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಬಹುದು. ಅವರ ಕತೆ ನಿಮಗೆ ಹತ್ತಿರವಾದದ್ದೇ, ಏಕೆಂದರೆ ಅವರೂ ಮುಂಬಯಿಯಲ್ಲಿ ಕಾಮರ್ಸ್ ಓದಿದವರು, ಅದಕ್ಕೂ ಮೊದಲು ಬರ್ಮಾದಲ್ಲಿ ಕುಟುಂಬದ ಗಣಿ ಮತ್ತು ಮರದ ವ್ಯವಹಾರ ನೋಡಿಕೊಳ್ಳುತ್ತಿದ್ದವರು. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯಲ್ಲಿ ಪಕ್ಷಿತಜ್ಞರ ಹುದ್ದೆ ಇದ್ದಾಗ ವಿಶ್ವವಿದ್ಯಾಲಯದ ಪದವಿ ಇಲ್ಲವೆಂದು ಅದು ಅವರಿಗೆ ಸಿಗಲಿಲ್ಲ. 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಮಾರ್ಗದರ್ಶಿ ಉಪನ್ಯಾಸಕರಾದರು. ರಜೆ ಹಾಕಿ ಜರ್ಮನಿಗೆ ಹೋಗಿ ತರಬೇತಿ ಪಡೆದು 1930ರಲ್ಲಿ ಮರಳಿದಾಗ, ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಿದ್ದರು. ನೌಕರಿ ಇಲ್ಲದೆ ಕಿಹಿಮ್ ಎಂಬ ಕಡಲ ಹಳ್ಳಿಯಲ್ಲಿ ಇದ್ದಾಗಲೇ ಅವರು ಗೀಜಗದ ಸಂಸಾರವನ್ನು ಬಿಡಿಸಿ ತೋರಿಸಿದ್ದು: ಗಂಡು ಹಕ್ಕಿ ಅರ್ಧ ಗೂಡು ಕಟ್ಟಿ ಹೆಣ್ಣಿಗಾಗಿ ಕಾಯುತ್ತದೆ, ಹೆಣ್ಣು ಒಪ್ಪಿ ಒಳಹೊಕ್ಕ ಮೇಲೆ ಗೂಡು ಮುಗಿಸಿ ಮುಂದಿನ ಗೂಡಿಗೆ, ಮುಂದಿನ ಹೆಣ್ಣಿಗೆ ಹೋಗುತ್ತದೆ. ಮುಂದೆ ಅವರು ಸಂಸ್ಥಾನಗಳ ಪಕ್ಷಿ ಸಮೀಕ್ಷೆಗಳನ್ನು ಮಾಡಿ ಬದುಕಿದರು, ನಿಜ. ಅವರ ಹಿಂದೆ ಅನುಕೂಲಸ್ಥ ಬಂಧುಬಳಗವೂ, ಬಡತನದ ಶಿಬಿರ ಜೀವನಕ್ಕೆ ಒಪ್ಪಿದ ಹೆಂಡತಿ ತೆಹ್ಮಿನಾ ಅವರೂ ಇದ್ದರು. ನಿಮ್ಮ ಹಿಂದೆ 5,200 ರೂಪಾಯಿಯ ಕಂತು ಇದೆ.

ಈಗ ನಿಮ್ಮದೇ ಲೆಕ್ಕ ಹಾಕೋಣ. ನೀವು ಕೆಲಸ ಬಿಟ್ಟು ಹಿನ್ನೀರಿನಲ್ಲಿ ಗೈಡ್ ಆದಿರಿ ಎಂದಿಟ್ಟುಕೊಳ್ಳಿ. ಆಲಮಟ್ಟಿ ಜಲಾಶಯ ಮಳೆಗಾಲದಲ್ಲಿ ಸಮುದ್ರಮಟ್ಟದಿಂದ 519.60 ಮೀಟರ್ ಎಂಬ ಪೂರ್ಣ ಮಟ್ಟಕ್ಕೆ ತುಂಬಿದಾಗ ದಂಡೆಯ ಹಕ್ಕಿಗಳಿಗೆ ನಿಲ್ಲಲು ಜಾಗವಿರುವುದಿಲ್ಲ. ಕಾಲುವೆಗಳಿಗೆ ನೀರು ಬಿಡುತ್ತಾ ಬಂದಂತೆ ಕೆಸರಿನ ಅಂಚು ತೆರೆದುಕೊಂಡು, ರಾಜಹಂಸಗಳು ಅಲ್ಲಿ ಇಳಿಯುತ್ತವೆ. ದೂರದಿಂದ ಬರುವ ಗಿರಾಕಿಗೆ ತೋರಿಸುವಂಥ ದಿನಗಳು ನವೆಂಬರ್ ನಡುವಿನಿಂದ ಮಾರ್ಚ್ ನಡುವಿನವರೆಗೆ, ನಾಲ್ಕು ತಿಂಗಳು. ಬರುವವರು ಬರುವುದು ಶನಿವಾರ, ಭಾನುವಾರ; ಅಂದರೆ ಹದಿನೇಳು ವಾರಕ್ಕೆ ಮೂವತ್ನಾಲ್ಕು ದಿನ. ಹೊಸಬರಾದ ನಿಮಗೆ ಅರ್ಧ ದಿನಗಳಿಗೆ ಗಿರಾಕಿ ಸಿಕ್ಕರೂ ಅದೃಷ್ಟ. ದಿನಕ್ಕೆ 2,500 ರೂಪಾಯಿಯಂತೆ ಹದಿನೇಳು ದಿನಕ್ಕೆ 42,500. ಪೆಟ್ರೋಲು, ಚಹಾ, ಫೋನು, ತೆಪ್ಪದವನಿಗೆ ಕೊಟ್ಟದ್ದು ಎಂದು ದಿನಕ್ಕೆ 500 ಕಳೆದರೆ 34,000. ಅದನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ಮೂರು ಸಾವಿರವೂ ಆಗಲಿಲ್ಲ. ನಿಮ್ಮ ಕಂತಿಗೇ ಅದು ಸಾಲದು. ಅಂಕಿಗಳು ನನ್ನ ಊಹೆಯವು, ನೀವು ನಿಮ್ಮವನ್ನು ಹಾಕಿ ನೋಡಿ. ದರವನ್ನು ಇಮ್ಮಡಿ ಮಾಡಿದರೂ ಈಗಿನ ಸಂಬಳದ ಹತ್ತಿರ ಬರುವುದಿಲ್ಲ.

ಹಣದ ಮಾತಿಗಿಂತಲೂ ನನಗೆ ಹೆಚ್ಚು ಕಳವಳದ ಸಂಗತಿ ಇನ್ನೊಂದಿದೆ. ದಾಂಡೇಲಿಯ ನನ್ನ ಗೆಳೆಯರು ಹೇಳುವಂತೆ, ಗೈಡ್ ಆದ ಮೇಲೆ ಅವರು ಹಕ್ಕಿಯನ್ನು ನೋಡುವುದು ಕಡಿಮೆಯಾಗಿ, ಹಕ್ಕಿ ಗಿರಾಕಿಗೆ ಕಂಡಿತೋ ಇಲ್ಲವೋ ಎಂದು ಗಿರಾಕಿಯ ಮುಖ ನೋಡುವುದು ಹೆಚ್ಚಾಗಿದೆ. ಮಂಗಟ್ಟೆ ಹಕ್ಕಿ ತೋರಿಸು ಎಂದು ಬಂದವನಿಗೆ ಪೊದೆಯೊಳಗಿನ ಕಂದು ಬಣ್ಣದ ಸಣ್ಣ ಹಕ್ಕಿ ಬೇಡ. ನನ್ನ ಗೆಳೆಯರಿಗೆ ಬೇಕಾದದ್ದು ಅದೇ. ಅವರು ಬದುಕುತ್ತಿರುವುದು ಆ ಕಾಡಿಗೆ ವರ್ಷದಲ್ಲಿ ಎಂಟು ತಿಂಗಳು ಪ್ರವಾಸಿಗರು ಬರುವುದರಿಂದ, ಸುತ್ತ ವಸತಿಗೃಹಗಳಿರುವುದರಿಂದ. ನಿಮ್ಮ ಹಿನ್ನೀರಿನ ಹೆರಕಲ್ಲಿನ ದಂಡೆಯಲ್ಲಿ ಆ ಅನುಕೂಲ ಇನ್ನೂ ಬಂದಿಲ್ಲ.

ಫೋಟೋ ಮಾರಿ ಬದುಕುವ ಆಸೆ ಇದ್ದರೆ ಅದನ್ನೂ ಇಳಿಸಿಕೊಳ್ಳಿ. ನನ್ನ ಚಿತ್ರವೊಂದನ್ನು ಕ್ಯಾಲೆಂಡರ್ ಮುದ್ರಿಸುವವರೊಬ್ಬರು ಪಡೆದು, ಗೌರವಧನದ ಬದಲು ಅದೇ ಕ್ಯಾಲೆಂಡರಿನ ಹತ್ತು ಪ್ರತಿ ಕಳಿಸಿದರು. ಅಂಚೆಯವನಿಗೆ ಕೈಯಿಂದ ಚಹಾ ಖರ್ಚು ಬಂತು. ಹಕ್ಕಿ ಫೋಟೋಗ್ರಾಫರ್ ಎಂದು ನಮ್ಮಲ್ಲಿ ಹೆಸರಾದವರು ಉಣ್ಣುವುದು ಮದುವೆಯ ಫೋಟೋದಿಂದ. ಅದು ಕೀಳಲ್ಲ. ಅದೇ ಕ್ಯಾಮೆರಾ ಮುಹೂರ್ತದ ದಿನ ದುಡಿದು ಕಂತು ಕಟ್ಟುತ್ತದೆ, ಉಳಿದ ದಿನ ಹಕ್ಕಿ ನೋಡುತ್ತದೆ. ನಿಮ್ಮ ಸಾಲ ಸಂಬಳದ ನೂರಕ್ಕೆ ಇಪ್ಪತ್ತೊಂಬತ್ತರಷ್ಟು ನುಂಗುತ್ತಿದೆ. ತಿಂಗಳಿಗೆ ಒಂದು ಸೀಮಂತವೋ ನಾಮಕರಣವೋ ಒಪ್ಪಿಕೊಂಡರೆ ಆ ಭಾರ ಇಳಿಯುತ್ತದೆ. ಅದಕ್ಕೂ ಮೊದಲು ನಿಮ್ಮ ಸಂಘದ ಸೇವಾ ನಿಯಮ ಓದಿ, ಆಡಳಿತ ಮಂಡಳಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಸರ್ಕಾರಿ ನೌಕರರಿಗಂತೂ ಪೂರ್ವಾನುಮತಿ ಇಲ್ಲದೆ ಬೇರೆ ವ್ಯಾಪಾರ, ಉದ್ಯೋಗ ಮಾಡಲು ನಡತೆ ನಿಯಮಗಳು ಬಿಡುವುದಿಲ್ಲ.

ಹಕ್ಕಿಯೇ ಉದ್ಯೋಗವಾಗಬೇಕೆಂಬ ಹಟವಿದ್ದರೆ ದಾರಿಗಳಿವೆ, ಆದರೆ ಅವು ಓದಿನ ದಾರಿಗಳು. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯಲ್ಲಿ, ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲಿ ವನ್ಯಜೀವಿ ವಿಷಯದ ಎಂ.ಎಸ್ಸಿ. ಇದೆ, ಸೀಟು ಬಹಳ ಕಡಿಮೆ, ಪೈಪೋಟಿ ದೇಶದ ತುಂಬ. ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲಿ ಪದವಿ ಪಡೆದು ಇಲಾಖೆ ಸೇರಿದವರು ಅನೇಕರಿದ್ದಾರೆ. ಗಾಳಿಯಂತ್ರ, ವಿದ್ಯುತ್ ಮಾರ್ಗದಂಥ ಯೋಜನೆಗಳಿಗೆ ಸಾಲ ಕೊಡುವ ಸಂಸ್ಥೆಗಳು ಪಕ್ಷಿ ಸಮೀಕ್ಷೆ ಕೇಳಿದಾಗ ಸಲಹಾ ಕಂಪನಿಗಳು ತಾತ್ಕಾಲಿಕವಾಗಿ ಜನರನ್ನು ತೆಗೆದುಕೊಳ್ಳುತ್ತವೆ. ಅಲ್ಲಿ ಪದವಿಯ ಜೊತೆಗೆ, ಇನ್ನೂರು ಮೀಟರ್ ದೂರದಲ್ಲಿ ಹಾರುವ ‘ಸೆಳೆವ’ (ಹ್ಯಾರಿಯರ್) ಎಂಬ ಬೇಟೆ ಹಕ್ಕಿಯ ಗಂಡು-ಹೆಣ್ಣು ಗುರುತಿಸುವ ಕಣ್ಣಿಗೂ ಬೆಲೆ ಇದೆ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ನ್ಯಾಚುರಲಿಸ್ಟರನ್ನು ನೇಮಿಸಿಕೊಳ್ಳುತ್ತದೆ. ಇವುಗಳಲ್ಲಿ ಹೆಚ್ಚಿನವಕ್ಕೆ ವಿಜ್ಞಾನದ ಓದು ಬೇಕಾಗುವುದರಿಂದ ಬಿ.ಕಾಂ. ಪದವೀಧರರಾದ ನಿಮಗೆ ಹೆಚ್ಚು ಹತ್ತಿರವಾದದ್ದು ಕೊನೆಯದು ಮತ್ತು ಅಲ್ಲೊಂದು ಇಲ್ಲೊಂದು ಸಮೀಕ್ಷೆ. ಸಮೀಕ್ಷೆಯ ಕೆಲಸವನ್ನು ನಿಮ್ಮ ಗಳಿಕೆ ರಜೆ ಹಾಕಿಕೊಂಡು ಒಮ್ಮೆ ಮಾಡಿ ನೋಡಬಹುದು. ಬಿಸಿಲಿನಲ್ಲಿ ಒಂದೇ ಜಾಗದಲ್ಲಿ ಆರು ತಾಸು ನಿಂತು, ಹಾರಿದ ಪ್ರತಿ ಹಕ್ಕಿಯ ಎತ್ತರ ಬರೆಯುವುದು ನಿಮಗೆ ಹಿಡಿಸುತ್ತದೆಯೇ ಎಂಬುದು ಮೂರನೆಯ ದಿನವೇ ತಿಳಿಯುತ್ತದೆ.

ಅಲ್ಲಿಯವರೆಗೆ ಈಗಿನ ನೌಕರಿಯನ್ನೇ ಹಕ್ಕಿಗೆ ಹೊಂದಿಸಿಕೊಳ್ಳುವುದು ಜಾಣತನ. ಪತ್ತಿನ ಸಂಘದಲ್ಲಿ ಯಾರೂ ಒಪ್ಪದ ಕೆಲಸವೊಂದಿರುತ್ತದೆ: ವಸೂಲಿಗೆ ಹಳ್ಳಿ ತಿರುಗುವುದು. ಅದನ್ನು ನೀವಾಗಿಯೇ ಕೇಳಿ ಪಡೆಯಿರಿ. ಹಿನ್ನೀರಿನ ಅಂಚಿನ ಹಳ್ಳಿಗಳಿಗೆ ಬೆಳಿಗ್ಗೆ ಏಳಕ್ಕೆ ಹೋದರೆ ಸಾಲಗಾರನೂ ಮನೆಯಲ್ಲಿ ಸಿಗುತ್ತಾನೆ, ಹಕ್ಕಿಯೂ ದಂಡೆಯಲ್ಲಿ ಸಿಗುತ್ತದೆ. ಮಾರ್ಚ್ ಕೊನೆಯ ಲೆಕ್ಕ ಮುಕ್ತಾಯ ಮಾತ್ರ ನಿಮಗೆ ತಪ್ಪದ ಶಿಕ್ಷೆ, ಆದ್ದರಿಂದ ರಜೆಯನ್ನೆಲ್ಲ ಜನವರಿ-ಫೆಬ್ರವರಿಯಲ್ಲಿ ಬಳಸಿ. ಲೆನ್ಸನ್ನು ನಷ್ಟಕ್ಕೆ ಮಾರಬೇಡಿ. ಕಂತು ಮುಗಿಯುವವರೆಗೆ ಎರಡನೆಯದರ ಕಡೆ ಕಣ್ಣೆತ್ತಿ ನೋಡಬೇಡಿ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಸಾಧಾರಣ ಬೆಲೆಯ 8×42 ದುರ್ಬೀನು ಇಲ್ಲದಿದ್ದರೆ ಅದೊಂದನ್ನು ಕೊಳ್ಳಿ, ಏಕೆಂದರೆ ಬರೀ ಕ್ಯಾಮೆರಾ ಹಿಡಿದವನು ಹತ್ತಿರದ ಒಂದು ಹಕ್ಕಿಯನ್ನು ತೆಗೆಯುವಷ್ಟರಲ್ಲಿ ದೂರದ ನಲವತ್ತನ್ನು ಎಣಿಸುವುದು ಮರೆಯುತ್ತಾನೆ.

ಇನ್ನು ನಿಮ್ಮ ತಂದೆಯವರ ಮಾತು. ಅವರು ಒಕ್ಕಲುತನ ಮಾಡಿದವರಾಗಿದ್ದರೆ, ಬಿಳಿಜೋಳದ ತೆನೆ ಸೀತನಿಗೆ (ಎಳೆಗಾಳಿಗೆ) ಬಂದ ದಿನಗಳಲ್ಲಿ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಕಾದವರೇ ಆಗಿರುತ್ತಾರೆ. ಹೊಟ್ಟೆ ತುಂಬಲಿಕ್ಕಾಗಿಯೇ ಹಕ್ಕಿ ನೋಡಿದವರು ಅವರು. ನವನಗರದ ಬಹಳ ಮನೆಗಳಂತೆ ನಿಮ್ಮದೂ ಹಿನ್ನೀರಿನಲ್ಲಿ ಊರು ಮುಳುಗಿ ಇಲ್ಲಿಗೆ ಬಂದ ಮುಳುಗಡೆಯ ಮನೆತನವಾಗಿದ್ದರೆ, ನೀರು ಬರುವ ಮೊದಲು ಆ ಎರೆಹೊಲದಲ್ಲಿ, ಹೊಳೆಯ ದಂಡೆಯಲ್ಲಿ ಯಾವ ಯಾವ ಹಕ್ಕಿ ಯಾವ ತಿಂಗಳು ಬರುತ್ತಿತ್ತು, ಅವಕ್ಕೆ ನಿಮ್ಮೂರಲ್ಲಿ ಏನು ಹೆಸರಿತ್ತು ಎಂದು ಅವರನ್ನೇ ಕೇಳಿ, ಅವರು ಹೇಳಿದ ಮಾತಿನಲ್ಲೇ ಬರೆದುಕೊಳ್ಳಿ. ಬರೆದದ್ದರ ಒಂದು ಪ್ರತಿ ನನಗೂ ಕಳಿಸಿ. ನನ್ನ ಹತ್ತಿರ ಆ ಕಾಲದ ಪಟ್ಟಿ ಒಂದೂ ಇಲ್ಲ.